ಹಿತ್ತಲಲ್ಲಿ ಪುಟ್ಟ ಮಕ್ಕಳೊಂದಿಗೆ ಟೆಂಟ್ ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿತ್ತಲಲ್ಲೋ ಅಂಗಳದಲ್ಲೋ ತಾರಸಿಯ ಮೇಲೋ ಟೆಂಟ್ ಹಾಕಿ ಚಿಕ್ಕ ಮಕ್ಕಳೊಂದಿಗೆ ಒಂದು ರಾತ್ರಿ ಕಳೆಯಬೇಕೆಂದುಕೊಂಡಿರುವ ತಾಯಿತಂದೆಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಕರ್ನಾಟಕದ ಹವೆ, ನೆಲ, ಹುಳಹುಪ್ಪಟೆಗಳ ಲೆಕ್ಕದಲ್ಲಿ ಇದನ್ನು ಬರೆಯಲಾಗಿದೆ. ಸಾಮಾನಿನ ಪಟ್ಟಿಗಿಂತ ನೆಲ ಮತ್ತು ಕತ್ತಲಿನ ವಿಚಾರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ತೊಂದರೆ ಬರುವುದಿದ್ದರೆ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಮನೆ ಹತ್ತು ಹೆಜ್ಜೆ ದೂರದಲ್ಲೇ ಇರುವಾಗ ಹೊರಗೆ ಮಲಗಿ ಏನು ಪ್ರಯೋಜನ?

ಮನೆ ಹತ್ತು ಹೆಜ್ಜೆ ದೂರದಲ್ಲಿದೆ ಎಂಬುದೇ ಪ್ರಯೋಜನ. ದೂರದ ರೆಸಾರ್ಟಿನ ಟೆಂಟಿನಲ್ಲಿ ನಾಲ್ಕು ವರ್ಷದ ಮಗು ನಡುರಾತ್ರಿ ಎದ್ದು "ಮನೆಗೆ ಹೋಗೋಣ" ಎಂದು ಅಳತೊಡಗಿದರೆ ದೊಡ್ಡವರ ಬಳಿ ಸಮಾಧಾನದ ಮಾತಿನ ಹೊರತು ಬೇರೇನೂ ಇರುವುದಿಲ್ಲ. ಹಿತ್ತಲಲ್ಲಾದರೆ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಅದರ ಹಾಸಿಗೆಯಲ್ಲೇ ಮಲಗಿಸಬಹುದು. ಯಾವಾಗ ಬೇಕಾದರೂ ಒಳಗೆ ಹೋಗಬಹುದು ಎಂದು ಗೊತ್ತಿರುವ ಮಗು ಹೊರಗೆ ಹೆಚ್ಚು ಹೊತ್ತು ಉಳಿಯುತ್ತದೆ. ಆದ್ದರಿಂದ ಬೆಳಗಿನವರೆಗೆ ಟೆಂಟಿನಲ್ಲೇ ಇದ್ದರೆ ಗೆದ್ದಂತೆ, ಒಳಗೆ ಬಂದರೆ ಸೋತಂತೆ ಎಂಬ ಲೆಕ್ಕವನ್ನು ದೊಡ್ಡವರು ಮೊದಲೇ ಮನಸ್ಸಿನಿಂದ ತೆಗೆದುಹಾಕಬೇಕು.

ಹೊರಗೆ ಮಲಗುವುದು ನಮ್ಮವರಿಗೆ ಹೊಸದೂ ಅಲ್ಲ. ವಿಜಯಪುರ, ಕಲಬುರಗಿ, ರಾಯಚೂರು ಕಡೆ ಬೇಸಿಗೆ ಬಂತೆಂದರೆ ಮಾಳಿಗೆಯ ಮೇಲೆ ಹಾಸಿಗೆ ಬೀಳುತ್ತಿತ್ತು, ಅಂಗಳಕ್ಕೆ ಹೊರಸು ಬರುತ್ತಿತ್ತು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಜಗಲಿಯ ಮೇಲೆ ಮಲಗುವವರು ಇದ್ದೇ ಇರುತ್ತಿದ್ದರು. ಫ್ಯಾನಿನ ಸದ್ದಿಲ್ಲದೆ ನಿದ್ದೆಯೇ ಬಾರದ ಮಕ್ಕಳ ಕಾಲದಲ್ಲಿ ಅದಕ್ಕೊಂದು ಟೆಂಟಿನ ನೆಪ ಬೇಕಾಗಿದೆ, ಅಷ್ಟೆ.

ಯಾವ ವಯಸ್ಸಿನಿಂದ ಮಕ್ಕಳನ್ನು ಹೊರಗೆ ಮಲಗಿಸಬಹುದು?

ಒಂದು ವರ್ಷದೊಳಗಿನ ಶಿಶುಗಳನ್ನು ರಾತ್ರಿಯಿಡೀ ಟೆಂಟಿನಲ್ಲಿ ಮಲಗಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. ಆ ವಯಸ್ಸಿನ ಮಗು ಸಮತಟ್ಟಾದ, ಗಟ್ಟಿಯಾದ ಹಾಸಿಗೆಯಲ್ಲಿ, ಮುಖದ ಹತ್ತಿರ ದಿಂಬು, ದಪ್ಪ ಹೊದಿಕೆಗಳಿಲ್ಲದೆ, ಬೆನ್ನ ಮೇಲೆ ಮಲಗಬೇಕು. ಇಕ್ಕಟ್ಟಾದ ಟೆಂಟಿನಲ್ಲಿ, ಮೂರು ಜನರ ಕಂಬಳಿಗಳ ನಡುವೆ ಇದನ್ನು ಪಾಲಿಸುವುದು ಕಷ್ಟ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಸಂಜೆಯ ಆಟ, ಟೆಂಟಿನ ಪಕ್ಕದಲ್ಲೇ ಊಟ, ಒಳಗೆ ಒಂದು ಕಥೆ ಇಷ್ಟೇ ಸಾಕು. ನಿದ್ದೆ ಹತ್ತಿದ ಮೇಲೆ ಎತ್ತಿ ಒಳಗೆ ಮಲಗಿಸಿದರೂ ಬೆಳಿಗ್ಗೆ ಅವರು "ನಾನು ಟೆಂಟಿನಲ್ಲಿ ಮಲಗಿದ್ದೆ" ಎಂದೇ ಎಲ್ಲರಿಗೂ ಹೇಳುತ್ತಾರೆ. ತನಗೆ ಬೇಕಾದದ್ದನ್ನು, ಭಯವಾದದ್ದನ್ನು ಬಾಯಿಬಿಟ್ಟು ಹೇಳಬಲ್ಲ ಮಗು, ಸಾಮಾನ್ಯವಾಗಿ ನಾಲ್ಕರ ಆಸುಪಾಸಿನದು, ಪೂರ್ತಿ ರಾತ್ರಿಗೆ ಸಿದ್ಧವಾಗಿರುತ್ತದೆ. ಉಬ್ಬಸ ಇರುವ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ. ಇನ್‌ಹೇಲರ್ ಟೆಂಟಿನೊಳಗೇ ಕೈಗೆಟಕುವಂತೆ ಇರಲಿ.

ಯಾವ ತಿಂಗಳು ಒಳ್ಳೆಯದು?

ಒಳನಾಡಿನಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ಮಳೆಯ ಕಾಟ ಕಡಿಮೆ, ಆಕಾಶ ತಿಳಿ, ಕತ್ತಲೂ ಬೇಗ ಆಗುವುದರಿಂದ ಎಂಟೂವರೆಗೆ ಮಲಗುವ ಮಗುವಿಗೂ ನಕ್ಷತ್ರ ನೋಡಲು ಸಮಯ ಸಿಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಜನವರಿಯ ರಾತ್ರಿಯ ಕನಿಷ್ಠ ತಾಪಮಾನ ಸುಮಾರು 15–16 ಡಿಗ್ರಿಗೆ ಇಳಿಯುತ್ತದೆ. ಬೀದರ್, ವಿಜಯಪುರ ಕಡೆ ಕೆಲವು ರಾತ್ರಿಗಳು ಅದಕ್ಕಿಂತ ಸಾಕಷ್ಟು ಹೆಚ್ಚು ಚಳಿಯಾಗಿರುತ್ತವೆ. ಕರಾವಳಿಯಲ್ಲಿ ಡಿಸೆಂಬರ್, ಜನವರಿ ಬಿಟ್ಟರೆ ಉಳಿದ ಒಣ ತಿಂಗಳುಗಳಲ್ಲಿ ಟೆಂಟಿನೊಳಗೆ ಸೆಕೆಯೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುತ್ತದೆ ನಿಜ, ಆದರೆ ಸಂಜೆಯ ಗುಡುಗುಮಳೆಯ ಕಾಲವೂ ಅದೇ.

ಮಲೆನಾಡಿನವರಿಗೆ ಒಂದು ಎಚ್ಚರಿಕೆಯ ಮಾತನ್ನು ಇಲ್ಲೇ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಬರುವಂಥದ್ದು. ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಉಳಿದ ಕಡೆ ಹೊರಗೆ ಮಲಗಲು ಹಿತವಾದ ತಿಂಗಳುಗಳಲ್ಲೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮನೆಯ ಹಿತ್ತಲು ನೇರವಾಗಿ ಕಾಡಿಗೋ ಸೊಪ್ಪಿನ ಬೆಟ್ಟಕ್ಕೋ ಸೇರಿಕೊಂಡಿದ್ದರೆ, ಅಥವಾ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ, ಹಿತ್ತಲ ಆಸೆಯನ್ನು ಬಿಟ್ಟು ಸಿಮೆಂಟಿನ ಅಂಗಳವನ್ನೋ ತಾರಸಿಯನ್ನೋ ಆರಿಸಿಕೊಳ್ಳಿ. ಒಣ ತರಗೆಲೆಯ ಮೇಲೆ ಮಕ್ಕಳು ಕೂರುವುದು, ಹೊರಳಾಡುವುದು ಆ ತಿಂಗಳುಗಳಲ್ಲಿ ಬೇಡವೇ ಬೇಡ.

ಟೆಂಟ್ ಹಾಕುವ ಜಾಗವನ್ನು ಹೇಗೆ ಆರಿಸಬೇಕು?

ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ. ತೆಂಗಿನ ಮರದ ಕೆಳಗೆ ನೆರಳು ಚೆನ್ನಾಗಿದೆಯೆಂದು ಟೆಂಟ್ ಹಾಕುವವರಿದ್ದಾರೆ. ಕಾಯಿ ಬೀಳಲು ಗಾಳಿಯೇ ಬೇಕೆಂದಿಲ್ಲ, ಒಣಗಿದ ಗರಿಯೊಂದು ಬಿದ್ದರೂ ಟೆಂಟಿನ ಬಟ್ಟೆ ತಡೆಯುವುದಿಲ್ಲ. ಹಲಸಿನ ಕಾಯಿ ಬಲಿತ ಮರ, ಹಾಳೆ ಕಳಚುವ ಅಡಿಕೆ ಮರ, ಒಣಕೊಂಬೆ ಹೊತ್ತ ಹಳೆಯ ಮಾವಿನ ಮರಗಳಿಂದಲೂ ದೂರವಿರಿ. ವಿದ್ಯುತ್ ತಂತಿಯ ಕೆಳಗೆ ಬೇಡ.

ನೆಲದ ವಿಷಯದಲ್ಲಿ ಮೂರು ಕಡೆಯಿಂದ ದೂರ ಇರಬೇಕು: ಸೌದೆಯ ಒಟ್ಟಿಲು, ಇಟ್ಟಿಗೆ ಅಥವಾ ಹಾಲೋ ಬ್ಲಾಕ್‌ಗಳ ರಾಶಿ, ಗೊಬ್ಬರದ ಗುಂಡಿ. ಇಲಿ, ಹೆಗ್ಗಣ, ಕಪ್ಪೆ ಇರುವ ಕಡೆ ಅವುಗಳನ್ನು ಹುಡುಕಿಕೊಂಡು ಹಾವು ಬರುತ್ತದೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಬಿಲಗಳಿವೆಯೇ ಎಂದು ಹಗಲಿನಲ್ಲೇ ಸುತ್ತಿ ನೋಡಿ. ಹುಲ್ಲನ್ನು ಎರಡು ದಿನ ಮುಂಚೆಯೇ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ಬಿಡದೆ ತೆಗೆದುಹಾಕಿ. ಆಮೇಲೆ ಬರಿಗೈಯಲ್ಲಲ್ಲ, ಪೊರಕೆಯಲ್ಲಿ ನೆಲ ಗುಡಿಸಿದರೆ ಗಾಜಿನ ಚೂರು, ಮುಳ್ಳು, ಇರುವೆಗೂಡು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಬಾವಿ, ನೀರಿನ ಸಂಪು, ತೊಟ್ಟಿಗಳಿಗೆ ಮುಚ್ಚಳ ಇದೆಯೇ, ಅದು ಮಗುವಿನ ಭಾರ ತಡೆಯುತ್ತದೆಯೇ ಎಂಬುದನ್ನು ನೋಡದೆ ಉಳಿದದ್ದಕ್ಕೆ ಕೈ ಹಾಕಬೇಡಿ.

ನಮಗೆ ಹಿತ್ತಲಿಲ್ಲ. ತಾರಸಿಯ ಮೇಲೆ ಮಾಡಬಹುದೇ?

ಮಾಡಬಹುದು. ಹಾವು, ಉಣುಗುಗಳ ದೃಷ್ಟಿಯಿಂದ ತಾರಸಿಯೇ ಮೇಲು. ಆದರೆ ಅಲ್ಲಿನ ದೊಡ್ಡ ಅಪಾಯ, ಬೀಳುವುದು. ಕೈಪಿಡಿ ಗೋಡೆ ಕನಿಷ್ಠ ಒಂದು ಮೀಟರ್ ಎತ್ತರವಿರಬೇಕು, ಮತ್ತು ಅದರ ಬಳಿ ಮಗು ಹತ್ತಿ ನಿಲ್ಲಬಹುದಾದ ಕುರ್ಚಿ, ಹೂಕುಂಡ, ಬಕೆಟ್, ಸೋಲಾರ್ ಹೀಟರಿನ ಚೌಕಟ್ಟು ಯಾವುದೂ ಇರಬಾರದು. ಗೋಡೆಯೇ ಇಲ್ಲದ, ಮೇಲಿನ ಮಹಡಿ ಕಟ್ಟಲೆಂದು ಕಬ್ಬಿಣದ ಸರಳುಗಳನ್ನು ಹಾಗೇ ಬಿಟ್ಟಿರುವ ತಾರಸಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಮಕ್ಕಳೊಂದಿಗೆ ಮಲಗುವ ಮಾತೇ ಬೇಡ.

ಟೆಂಟನ್ನು ತಾರಸಿಯ ನಡುವೆ, ಮೆಟ್ಟಿಲಿನ ಬಾಗಿಲು ಕಾಣುವಂತೆ ಹಾಕಿ. ಸಿಮೆಂಟಿಗೆ ಗೂಟ ಹೊಡೆಯಲಾಗದ ಕಾರಣ ತನ್ನ ಕೋಲುಗಳ ಮೇಲೆ ತಾನೇ ನಿಲ್ಲುವ ಗುಮ್ಮಟದಾಕಾರದ ಟೆಂಟ್ ಬೇಕು. ನಾಲ್ಕು ಮೂಲೆಗಳಿಗೂ ನೀರು ತುಂಬಿದ ಕ್ಯಾನುಗಳನ್ನು ಕಟ್ಟಿದರೆ ಗಾಳಿಗೆ ಜಾರುವುದಿಲ್ಲ. ಬೇಸಿಗೆಯಲ್ಲಿ ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಿರುತ್ತದೆ. ಸಂಜೆ ನೀರು ಚೆಲ್ಲಿ ಒಣಗಲು ಬಿಟ್ಟರೆ ಸ್ವಲ್ಪ ತಣ್ಣಗಾಗುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದು ನಡೆಯುವ ಅಭ್ಯಾಸವಿರುವ ಮಗುವಿಗೆ ತಾರಸಿ ಸೂಕ್ತವಲ್ಲ.

ಟೆಂಟ್ ಕೊಳ್ಳಲೇಬೇಕೇ?

ಮೊದಲ ಸಲಕ್ಕೆ ಕೊಳ್ಳಬೇಕಾಗಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹಳೆಯ ಹತ್ತಿ ಸೀರೆಯನ್ನು ಇಳಿಬಿಟ್ಟು ನಾಲ್ಕು ತುದಿಗೆ ಕಲ್ಲು ಇಟ್ಟರೂ ಹಗಲಿನ ಆಟಕ್ಕೆ ಡೇರೆಯೇ. ಆದರೆ ರಾತ್ರಿ ಮಲಗುವುದಾದರೆ ಸೀರೆಯ ಡೇರೆಯ ನಾಲ್ಕೂ ಕಡೆ ತೆರೆದಿರುತ್ತದೆ ಎಂಬುದನ್ನು ಮರೆಯಬಾರದು. ಅದಕ್ಕೆ ಎರಡು ದಾರಿಗಳಿವೆ. ಒಂದು, ಕಾಲುಗಳಿರುವ ಮಂಚವನ್ನು ಹೊರಗೆ ತಂದು ಸೊಳ್ಳೆಪರದೆ ಕಟ್ಟಿ, ಪರದೆಯ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸುವುದು. ಇನ್ನೊಂದು, ತಳದ ಬಟ್ಟೆ ಗೋಡೆಗೆ ಹೊಲಿದುಕೊಂಡೇ ಬರುವ, ಬಾಗಿಲಿಗೆ ಬಲೆ ಮತ್ತು ಜಿಪ್ ಇರುವ ಟೆಂಟನ್ನು ಕೊಳ್ಳುವುದೋ ಗೆಳೆಯರಿಂದ ಕಡ ತರುವುದೋ.

ಕೊಳ್ಳುವುದಾದರೆ ಒಂದು ಮಾತು: "ಇಬ್ಬರಿಗೆ" ಎಂದು ಬರೆದಿರುವ ಟೆಂಟಿನಲ್ಲಿ ಇಬ್ಬರು ಮಲಗಬಹುದೇ ಹೊರತು ಹೊರಳಾಡಲಾಗುವುದಿಲ್ಲ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿರುವ ಮನೆಗೆ ನಾಲ್ಕು ಜನರ ಟೆಂಟೇ ಬೇಕು. ಮಕ್ಕಳ ಆಟಿಕೆಯಾಗಿ ಮಾರುವ ತೆಳು ಗುಡಾರಗಳು ರಾತ್ರಿಗೆ ಆಗುವುದಿಲ್ಲ. ಅವುಗಳಿಗೆ ಗಾಳಿಯಾಡುವ ಬಲೆ ಇರುವುದು ಅಪರೂಪ, ಇಬ್ಬನಿಯನ್ನೂ ತಡೆಯುವುದಿಲ್ಲ.

ಹಾವು, ಚೇಳುಗಳ ಭಯವೇ ನಮ್ಮನ್ನು ತಡೆಯುತ್ತಿದೆ. ಏನು ಮಾಡಬೇಕು?

ಭಯ ಅಸಹಜವೇನಲ್ಲ. ನಮ್ಮಲ್ಲಿ ಹೆಚ್ಚು ಜೀವಹಾನಿಗೆ ಕಾರಣವಾಗುವ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರಲ್ಲಿ ಹೊರಗೆ ಮಲಗುವವರು ವಿಶೇಷವಾಗಿ ತಿಳಿದಿರಬೇಕಾದದ್ದು ಕಟ್ಟುಹಾವು. ಅದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರ ಹಾಸಿಗೆಯೊಳಗೆ ಸೇರಿಕೊಂಡು, ಮೈ ಅಲುಗಿದಾಗ ಕಚ್ಚುತ್ತದೆ. ಅದರ ಹಲ್ಲು ಸಣ್ಣದು, ನೋವು ಊತ ಹೆಚ್ಚೇನೂ ಇರುವುದಿಲ್ಲ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಹೊರಗೆ ಮಲಗಿದ್ದ ಮಗು ಬೆಳಗಿನ ಜಾವ ಹೊಟ್ಟೆನೋವೆಂದು ಅತ್ತು, ರೆಪ್ಪೆಗಳನ್ನು ತೆರೆಯಲಾಗದೆ ಜೋಲುಬಿಟ್ಟರೆ, ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಡೆಯುವ ಉಪಾಯ ದುಬಾರಿಯಲ್ಲ. ತಳ ಹೊಲಿದ ಟೆಂಟಿನ ಜಿಪ್ಪನ್ನು ಸಂಜೆಯಿಂದಲೇ ಪೂರ್ತಿ ಮುಚ್ಚಿಡಬೇಕು. ಮಕ್ಕಳು ಒಳಗೆ ಹೊರಗೆ ಓಡಾಡುತ್ತಾ ಕೊನೆಯ ನಾಲ್ಕು ಬೆರಳಷ್ಟನ್ನು ಎಳೆಯದೆ ಬಿಡುತ್ತಾರೆ. ಎರಡು ಜಿಪ್ಪುಗಳು ಸೇರುವ, ನೆಲಕ್ಕೆ ತಾಗುವ ಆ ಮೂಲೆಯನ್ನೇ ಟಾರ್ಚ್ ಹಿಡಿದು ನೋಡಿ. ಮಲಗುವ ಮುಂಚೆ ಹಾಸಿಗೆ, ಹೊದಿಕೆಗಳನ್ನು ಎತ್ತಿ ಕೊಡವಿ. ಚಪ್ಪಲಿಗಳನ್ನು ಟೆಂಟಿನ ಹೊರಗೆ ಬಿಡದೆ ಒಂದು ಚೀಲಕ್ಕೆ ಹಾಕಿ ಒಳಗಿಟ್ಟುಕೊಳ್ಳಿ, ಬೆಳಿಗ್ಗೆಯೂ ಕೊಡವಿಯೇ ಹಾಕಿಕೊಳ್ಳಿ. ಟೆಂಟಿನೊಳಗೆ ತಿಂಡಿ ಚೆಲ್ಲಿದರೆ ಇರುವೆ ಬರುತ್ತದೆ, ಇಲಿಯೂ ಬರುತ್ತದೆ. ಟೆಂಟಿನ ಸುತ್ತ ಕಾರ್ಬಾಲಿಕ್ ಆಸಿಡ್ ಚೆಲ್ಲುವುದು, ಬೆಳ್ಳುಳ್ಳಿ ಇಡುವುದು, ಫಿನಾಯಿಲ್ ಸುರಿಯುವುದು ನಂಬಬಹುದಾದ ರಕ್ಷಣೆಗಳಲ್ಲ. ಕಾರ್ಬಾಲಿಕ್ ಆಸಿಡ್ ಅಂತೂ ಮಗುವಿನ ಚರ್ಮ ಸುಡುವಂಥ ವಸ್ತು.

ಕಚ್ಚಿದ್ದು ಖಚಿತವಾದರೆ ಮಗುವನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ. ಕಾಲ್ಗೆಜ್ಜೆ, ಬಳೆ, ಉಂಗುರ ಬಿಚ್ಚಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಮರದ ಪಟ್ಟಿಗೆ ಆನಿಸಿ ಸಡಿಲವಾಗಿ ಕಟ್ಟಿ. 108ಕ್ಕೆ ಕರೆ ಮಾಡಿ, ಅಥವಾ ಇರುವ ವಾಹನದಲ್ಲೇ ಹೊರಡಿ. ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಬಾಯಿಯಿಂದ ಹೀರುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಹಾವನ್ನು ಹಿಡಿದು ತರುವ ಅಗತ್ಯವೂ ಇಲ್ಲ, ಏಕೆಂದರೆ ಮೇಲೆ ಹೇಳಿದ ನಾಲ್ಕಕ್ಕೂ ಒಂದೇ ಪ್ರತಿವಿಷ ಕೊಡುತ್ತಾರೆ. ಟೆಂಟ್ ಹಾಕುವ ಮುಂಚೆಯೇ, ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ ಎಂಬುದನ್ನು ವಿಚಾರಿಸಿಟ್ಟುಕೊಳ್ಳಿ. ಚೇಳು ಕುಟುಕಿದರೂ ಚಿಕ್ಕ ಮಕ್ಕಳ ವಿಷಯದಲ್ಲಿ ಮನೆಮದ್ದಿನ ಯೋಚನೆ ಬಿಟ್ಟು ಆಸ್ಪತ್ರೆಗೇ ಹೋಗಬೇಕು. ಮೈ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು ಗಂಭೀರ ಲಕ್ಷಣಗಳು.

ಚಿರತೆ ಓಡಾಡಿದ ಸುದ್ದಿ ಇರುವ ಊರಂಚಿನಲ್ಲಿ, ಕಾಡುಹಂದಿ, ಆನೆ ಬರುವ ತೋಟಗಳಲ್ಲಿ ಹೊರಗೆ ಮಲಗುವುದರ ಬಗ್ಗೆ ಚರ್ಚೆಯೇ ಬೇಡ. ತಾರಸಿಯಲ್ಲೂ ಬೇಡ; ಗೋಡೆ ಹತ್ತುವುದು ಚಿರತೆಗೆ ಕಷ್ಟವಲ್ಲ.

ಸೊಳ್ಳೆಗಳಿಗೆ ಏನು ಮಾಡುವುದು?

ಬಲೆಯೇ ಮುಖ್ಯ ರಕ್ಷಣೆ, ಉಳಿದದ್ದೆಲ್ಲ ಆಮೇಲೆ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುಂಚೆ ಕಚ್ಚುತ್ತದೆ, ಅಂದರೆ ಮಕ್ಕಳು ಟೆಂಟಿನ ಹೊರಗೆ ಆಡುವ ಸಮಯದಲ್ಲೇ; ಆದ್ದರಿಂದ ತುಂಬು ತೋಳಿನ ಅಂಗಿ, ಪೂರ್ತಿ ಕಾಲು ಮುಚ್ಚುವ ಪೈಜಾಮವನ್ನು ಸಂಜೆ ನಾಲ್ಕಕ್ಕೇ ಹಾಕಿಬಿಡಿ. ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿ ನಿಂತ ನೀರನ್ನು ವಾರಕ್ಕೆ ಮೊದಲೇ ಚೆಲ್ಲಿರಬೇಕು. ಮೈಗೆ ಹಚ್ಚುವ ಕ್ರೀಮನ್ನು ದೊಡ್ಡವರೇ ಹಚ್ಚಲಿ. ಮಗುವಿನ ಅಂಗೈ, ಬೆರಳು, ಕಣ್ಣು, ಬಾಯಿಯ ಸುತ್ತ ಬೇಡ. ಎರಡು ತಿಂಗಳೊಳಗಿನ ಶಿಶುಗಳಿಗೆ ಇಂಥದ್ದೇನೂ ಹಚ್ಚಬಾರದು. ಲೆಮನ್ ಯೂಕಲಿಪ್ಟಸ್ ತೈಲದ್ದಾದರೆ ಮೂರು ವರ್ಷ ತುಂಬುವವರೆಗೆ ಬೇಡ, "ನೈಸರ್ಗಿಕ" ಎಂದು ಬರೆದಿದ್ದರೂ ಬೇಡ.

ಟೆಂಟಿನೊಳಗೆ ಸೊಳ್ಳೆಬತ್ತಿ ಹಚ್ಚಿಡುವುದು ದೊಡ್ಡ ತಪ್ಪು. ಹೊಗೆ ತುಂಬುವುದು ಒಂದು, ನೈಲಾನ್ ಬಟ್ಟೆಗೆ ಕಿಡಿ ತಾಗುವುದು ಇನ್ನೊಂದು. ಮನೆಯಿಂದ ವೈರ್ ಎಳೆದು ಲಿಕ್ವಿಡ್ ಯಂತ್ರ ಹಾಕುವುದೂ ಬೇಡ; ಇಬ್ಬನಿಗೆ ಒದ್ದೆಯಾದ ಎಕ್ಸ್‌ಟೆನ್ಶನ್ ಬಾಕ್ಸ್ ಪಕ್ಕದಲ್ಲಿ ಮಕ್ಕಳು ಮಲಗುವುದು ಸೊಳ್ಳೆಕಡಿತಕ್ಕಿಂತ ಅಪಾಯಕರ.

ನೆಲದ ಮೇಲೆ ಏನು ಹಾಸಬೇಕು? ಮಕ್ಕಳಿಗೆ ಚಳಿಯಾಗುವುದಿಲ್ಲವೇ?

ಹೊದಿಕೆ ಕಡಿಮೆಯಾಗಿ ಚಳಿಯಾಗುವುದಕ್ಕಿಂತ ಹಾಸು ಕಡಿಮೆಯಾಗಿ ಆಗುವುದೇ ಹೆಚ್ಚು. ತಣ್ಣನೆಯ ನೆಲ ಬೆನ್ನಿನಿಂದಲೇ ಶಾಖವನ್ನು ಎಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಕೆಳಗೆ ಟಾರ್ಪಾಲಿನ್, ಅದರ ಮೇಲೆ ಟೆಂಟ್, ಒಳಗೆ ಚಾಪೆ, ಚಾಪೆಯ ಮೇಲೆ ಜಮಖಾನ ಮತ್ತು ಕೌದಿ ಅಥವಾ ಕಂಬಳಿ. ಟಾರ್ಪಾಲಿನ್ ಟೆಂಟಿನ ತಳಕ್ಕಿಂತ ಹೊರಗೆ ಚಾಚಬಾರದು. ಚಾಚಿದರೆ ಮಳೆಯೋ ಇಬ್ಬನಿಯೋ ಅದರ ಮೇಲೆ ಬಿದ್ದು ನೇರವಾಗಿ ನಿಮ್ಮ ಅಡಿಗೇ ಹರಿದುಬರುತ್ತದೆ. ಮಕ್ಕಳಿಗೆ ಒಂದೇ ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಹತ್ತಿ ಬಟ್ಟೆ, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಹಿತ.

ಚಳಿಯೆಂದು ಟೆಂಟಿನ ಎಲ್ಲ ಕಿಂಡಿಗಳನ್ನೂ ಮುಚ್ಚಿದರೆ ಉಸಿರಿನ ತೇವವೇ ಒಳಗೋಡೆಯ ಮೇಲೆ ಹನಿಗಟ್ಟಿ, ಬೆಳಗಿನ ಜಾವ ಹೊದಿಕೆ ಒದ್ದೆಯಾಗಿರುತ್ತದೆ. ಟೆಂಟ್ ಸೋರುತ್ತದೆ ಎಂದು ಅಂಗಡಿಯವನನ್ನು ಬೈಯುವವರಲ್ಲಿ ಅನೇಕರ ಟೆಂಟ್ ಸೋರಿರುವುದಿಲ್ಲ. ಮೇಲಿನ ಬಲೆಯ ಕಿಂಡಿಗಳು ತೆರೆದೇ ಇರಲಿ. ಬೆಚ್ಚಗಿರಲೆಂದು ಅಗ್ಗಿಷ್ಟಿಕೆ, ಇದ್ದಿಲಿನ ಬಾಣಲೆ, ಸೀಮೆಎಣ್ಣೆ ದೀಪಗಳನ್ನು ಯಾವ ಕಾರಣಕ್ಕೂ ಟೆಂಟಿನೊಳಗೆ ಇಡಬೇಡಿ. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರನ್ನು ಏಳಲು ಬಿಡುವುದಿಲ್ಲ.

ಹೊರಗೆ ಬೆಂಕಿ ಹಾಕಬಹುದೇ?

ಮಣ್ಣಿನ ಅಂಗಳವಿದ್ದರೆ, ಗಾಳಿಯಿಲ್ಲದಿದ್ದರೆ, ಟೆಂಟಿನಿಂದ ಕನಿಷ್ಠ ಮೂರು ಮೀಟರ್ ದೂರದಲ್ಲಿ, ಸಣ್ಣದಾಗಿ ಹಾಕಬಹುದು. ಬೆಂಕಿ ಉರಿಯುವಷ್ಟು ಹೊತ್ತೂ ಒಬ್ಬ ದೊಡ್ಡವರು ಅಲ್ಲೇ ಇರಬೇಕು, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಬೇಕು. ಬೆಂಕಿಯ ಸುತ್ತ ಸುಣ್ಣದಲ್ಲೋ ರಂಗೋಲಿಯ ಪುಡಿಯಲ್ಲೋ ದೊಡ್ಡ ವೃತ್ತ ಬರೆದು "ಇದರೊಳಗೆ ಕಾಲಿಡಬಾರದು" ಎಂದರೆ ನಾಲ್ಕು ವರ್ಷದ ಮಗುವಿಗೂ ತಿಳಿಯುತ್ತದೆ. ಬರೀ "ದೂರ ನಿಲ್ಲು" ಎಂದರೆ ಎಷ್ಟು ದೂರ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಘೇರು ಫ್ರಾಕ್, ಸಿಂಥೆಟಿಕ್ ದುಪಟ್ಟಾಗಳು ಅಂದು ಬೇಡ. ನಗರಗಳಲ್ಲಿ ತರಗೆಲೆ, ಕಸ, ಪ್ಲಾಸ್ಟಿಕ್ ಸುಡುವುದಕ್ಕೆ ದಂಡವಿದೆ. ಒಣಸೌದೆ ಅಥವಾ ತೆಂಗಿನ ಚಿಪ್ಪು ಮಾತ್ರ ಬಳಸಿ.

ಮಲಗುವ ಮುಂಚೆ ಮಣ್ಣು ಮುಚ್ಚಿ ಆರಿಸುವುದು ಸಾಲದು. ಮಣ್ಣಿನಡಿಯ ಕೆಂಡ ಬೆಳಗಿನವರೆಗೂ ಬಿಸಿಯಾಗಿಯೇ ಇರುತ್ತದೆ, ಮೇಲಿನಿಂದ ತಣ್ಣನೆಯ ಮಣ್ಣಿನಂತೆ ಕಾಣುತ್ತದೆ, ಬರಿಗಾಲಿನ ಮಗು ಅದರ ಮೇಲೆಯೇ ಓಡುತ್ತದೆ. ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಿರಿ. ಸುಟ್ಟ ಗಾಯವಾದರೆ ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಮಂಜುಗಡ್ಡೆ ಹಚ್ಚಬಾರದು.

ಊಟಕ್ಕೆ ಏನು?

ಮನೆಯಲ್ಲೇ ಮಾಡಿ ಹೊರಗೆ ತಂದು ತಿನ್ನುವುದು ಎಲ್ಲಕ್ಕಿಂತ ಸುಲಭ: ಚಪಾತಿ ಸುರುಳಿ, ಚಿತ್ರಾನ್ನ, ಮೊಸರನ್ನ. ಬೆಂಕಿ ಹಾಕಿದ್ದರೆ ಸಿಹಿಗೆಣಸು, ಮೆಕ್ಕೆಜೋಳದ ತೆನೆ. ಉತ್ತರ ಕರ್ನಾಟಕದವರಿಗೆ ಆ ಕಾಲದಲ್ಲಿ ಸೀತನಿ, ಅಂದರೆ ಸುಟ್ಟ ಎಳೆಜೋಳದ ಕಾಳು, ಸಿಕ್ಕರೆ ಅದಕ್ಕಿಂತ ಬೇರೆ ಬೇಕಿಲ್ಲ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡಿ ಶೇಂಗಾ, ಹುರಿದ ಕಡಲೆ, ಪಾಪ್‌ಕಾರ್ನ್ ಕೊಡಬೇಡಿ. ಅರೆಗತ್ತಲಲ್ಲಿ, ಮಲಗಿಕೊಂಡು, ನಗುತ್ತಾ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುವ ಸಾಧ್ಯತೆ ಇನ್ನೂ ಹೆಚ್ಚು. ಊಟ ಟೆಂಟಿನ ಹೊರಗೆ ಮುಗಿಯಲಿ, ಕೈಬಾಯಿ ತೊಳೆದು ಒಳಗೆ ಹೋಗಲಿ.

ಮಗಳಿಗೆ ಕತ್ತಲೆಂದರೆ ಭಯ. ಧೈರ್ಯ ಬರಿಸುವುದು ಹೇಗೆ?

ಟೆಂಟನ್ನು ಕತ್ತಲಾದ ಮೇಲೆ ಮೊದಲ ಸಲ ತೋರಿಸಬೇಡಿ. ಬೆಳಿಗ್ಗೆಯೇ ಹಾಕಿ, ಗೂಟ ಹೊಡೆಯಲು, ಕೋಲು ಸೇರಿಸಲು ಅವಳ ಕೈ ಹಚ್ಚಿಸಿ, ಮಧ್ಯಾಹ್ನ ಅದರೊಳಗೆ ಆಡಲು ಬಿಡಿ. ತಾನು ಕಟ್ಟಿದ ಮನೆಗೆ ಮಗು ಅಷ್ಟು ಹೆದರುವುದಿಲ್ಲ.

ಮಕ್ಕಳಿಗೆ ಹೆಚ್ಚಾಗಿ ಭಯವಾಗುವುದು ಕತ್ತಲಿಗಲ್ಲ, ಕತ್ತಲಲ್ಲಿ ಬರುವ ಹೆಸರಿಲ್ಲದ ಸದ್ದುಗಳಿಗೆ. ಆದ್ದರಿಂದ ದೀಪ ಆರಿಸುವ ಮುಂಚೆ ಎಲ್ಲರೂ ಸುಮ್ಮನೆ ಕುಳಿತು ಕೇಳಿಸಿಕೊಂಡು, ಒಂದೊಂದು ಸದ್ದಿಗೂ ಹೆಸರಿಡುವ ಆಟ ಆಡಿ: ಜೀರುಂಡೆ, ಗೋಡೆಯ ಹಲ್ಲಿ, ಪೇರಳೆ ಮರದ ಬಾವಲಿ, ಪಕ್ಕದ ಮನೆಯ ಬೋರ್‌ವೆಲ್ ಮೋಟರು, ದೂರದ ನಾಯಿ, ಕೆರೆಯ ಕಡೆಯಿಂದ ಕೂಗಿಕೊಂಡು ಹಾರುವ ಟಿಟ್ಟಿಭ. ನಡುರಾತ್ರಿ "ಅಪ್ಪಾ, ಅದೇನು?" ಎಂದು ಕೇಳಿದರೆ ಉತ್ತರ ಆಗಲೇ ಅವಳ ಬಳಿ ಇರುತ್ತದೆ. ದೆವ್ವದ ಕಥೆಗಳನ್ನು ಅಣ್ಣಂದಿರು, ಮಾಮಂದಿರು ಎಷ್ಟೇ ಉತ್ಸಾಹದಿಂದ ಹೇಳಹೊರಟರೂ ಆ ರಾತ್ರಿ ತಡೆಯಿರಿ.

ಮಂದವಾದ ಸಣ್ಣ ದೀಪವೊಂದನ್ನು ಟೆಂಟಿನ ಮೇಲ್ಭಾಗಕ್ಕೆ ಕಟ್ಟಿ, ಮಗುವಿಗೆ ತನ್ನದೇ ಒಂದು ಟಾರ್ಚ್ ಕೊಡಿ. ಬಟನ್ ಸೆಲ್ ಹಾಕಿದ, ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಅಗ್ಗದ ದೀಪಗಳು ಬೇಡ. ಆ ಸೆಲ್ ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ಒಬ್ಬ ದೊಡ್ಡವರು ಬಾಗಿಲ ಬದಿಗೆ ಮಲಗಬೇಕು. ಮನೆಯ ಬೀಗದಕೈ, ಮೊಬೈಲ್ ಅವರ ತಲೆದೆಸೆಯಲ್ಲಿರಲಿ. ಮನೆಯ ಹಿಂಬಾಗಿಲ ದೀಪ ರಾತ್ರಿಯಿಡೀ ಉರಿಯಲಿ.

ನಡುರಾತ್ರಿ ಒಳಗೆ ಹೋಗೋಣ ಎಂದು ಹಟ ಹಿಡಿದರೆ?

ಒಮ್ಮೆ ಮಾತ್ರ ಸಮಾಧಾನ ಹೇಳಿ ನೋಡಿ. ಎರಡನೆಯ ಸಲ ಕೇಳಿದರೆ ಎದ್ದು ಒಳಗೆ ಹೋಗಿ. ಇದನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ: ಒಳಗೆ ಕರೆದುಕೊಂಡು ಹೋಗುತ್ತೇವೆ ಎಂದು ಸಂಜೆ ಮಾತು ಕೊಟ್ಟು, ರಾತ್ರಿ ಎರಡು ಗಂಟೆಗೆ "ಇನ್ನೇನು ಬೆಳಗಾಗುತ್ತೆ, ಮಲಗು ಕಂದಾ" ಎಂದರೆ ಮಗು ಮುಂದಿನ ಸಲ ಟೆಂಟನ್ನಲ್ಲ, ನಿಮ್ಮ ಮಾತನ್ನು ನಂಬುವುದಿಲ್ಲ. ಇಬ್ಬರು ಮಕ್ಕಳಿದ್ದು ಒಬ್ಬರಿಗೆ ಮಾತ್ರ ಸಾಕಾಗಿದ್ದರೆ, ಒಬ್ಬ ದೊಡ್ಡವರು ಅವರೊಂದಿಗೆ ಹೋಗಿ, ಇನ್ನೊಬ್ಬರು ಹೊರಗೆ ಉಳಿಯಬಹುದು. ಇದಕ್ಕಾಗಿಯೇ ಇಬ್ಬರು ದೊಡ್ಡವರಿರುವುದು ಒಳ್ಳೆಯದು. ಬೆಳಿಗ್ಗೆ ಮನೆಗೆ ಬಂದ ನೆಂಟರ ಮುಂದೆ "ಪುಕ್ಕಲ, ಓಡಿಬಂದ" ಎಂಬ ತಮಾಷೆ ಬೇಡ.

ಮೂತ್ರ, ಶೌಚಕ್ಕೆ ಹೊರಗೇ ವ್ಯವಸ್ಥೆ ಬೇಕೇ?

ಬೇಡ, ಮನೆಯ ಬಚ್ಚಲೇ ಸಾಕು. ಮಲಗುವ ಮುಂಚೆ ಎಲ್ಲರೂ ಒಮ್ಮೆ ಹೋಗಿ ಬರಲಿ. ರಾತ್ರಿ ಮಗು ಏಳಬೇಕಾದರೆ ದೊಡ್ಡವರನ್ನು ಎಬ್ಬಿಸಿಯೇ ಏಳಬೇಕು, ಚಪ್ಪಲಿ ಹಾಕಿಯೇ ಇಳಿಯಬೇಕು, ಟಾರ್ಚ್ ಬೆಳಕು ಮೊದಲು ನೆಲಕ್ಕೆ ಬೀಳಬೇಕು. ಹಾಸಿಗೆ ಒದ್ದೆ ಮಾಡುವ ಅಭ್ಯಾಸವಿದ್ದರೆ ಒಂದು ರಬ್ಬರ್ ಶೀಟ್, ಒಂದು ಜೊತೆ ಒಣಬಟ್ಟೆ ಒಳಗಿರಲಿ; ಅದೊಂದು ಕಾರಣಕ್ಕೆ ಮಗುವನ್ನು ಬಿಟ್ಟುಹಾಕುವುದು ಸರಿಯಲ್ಲ.

ಮೊಬೈಲ್ ಇಲ್ಲದೆ ಸಂಜೆ ಕಳೆಯುವುದು ಹೇಗೆ?

ಕತ್ತಲಾಗುತ್ತಿದ್ದಂತೆ ಟೆಂಟಿನ ಗೋಡೆ ತಾನಾಗಿಯೇ ತೊಗಲುಗೊಂಬೆಯಾಟದ ಪರದೆಯಾಗುತ್ತದೆ. ಒಳಗೆ ಟಾರ್ಚ್ ಹಿಡಿದು ಕೈಬೆರಳಲ್ಲಿ ಮೊಲ, ನಾಯಿ ಮಾಡಿದರೆ ಹೊರಗೆ ಕುಳಿತವರಿಗೆ ಆಟ. ಒಗಟುಗಳು, ಅಂತ್ಯಾಕ್ಷರಿ ಯಾವಾಗಲೂ ಇವೆ. ಆದರೆ ಹೊರಗೆ ಮಲಗುವ ರಾತ್ರಿಗೆ ಮಾತ್ರ ಸಿಗುವುದು ಆಕಾಶ, ಅದಕ್ಕೆ ಸ್ವಲ್ಪ ತಯಾರಿ ಬೇಕು.

ಜನವರಿಯಲ್ಲಿ ರಾತ್ರಿ ಎಂಟಕ್ಕೆ ಪೂರ್ವದ ಕಡೆ ತಲೆಯೆತ್ತಿದರೆ ಒಂದೇ ಸಾಲಿನಲ್ಲಿ ಸಮನಾಗಿ ಕುಳಿತ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ಸೊಂಟಪಟ್ಟಿ. ಬೆಂಗಳೂರಿನ ಬೆಳಕಿನಲ್ಲೂ ಅದು ಮರೆಯಾಗುವುದಿಲ್ಲ. ಆ ಸಾಲನ್ನು ಕೆಳಗೆ, ಆಗ್ನೇಯದ ಕಡೆ ಎಳೆದರೆ ಇಡೀ ಇರುಳಾಕಾಶದಲ್ಲೇ ಅತ್ಯಂತ ಪ್ರಕಾಶಮಾನವಾದ ಲುಬ್ಧಕ ಸಿಗುತ್ತದೆ. ಮೇಲೆ ಎಳೆದರೆ ಕೆಂಪುಬಣ್ಣದ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆಯ ಪುಟ್ಟ ಗೊಂಚಲು. ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ಮಕ್ಕಳಿಗೆ ಎಣಿಸಲು ಹೇಳಿ. ಕನ್ನಡಕ ಹಾಕಿದ ಅಪ್ಪನಿಗಿಂತ ಅವರಿಗೇ ಒಂದೆರಡು ಹೆಚ್ಚು ಕಾಣುತ್ತವೆ. ಏಪ್ರಿಲ್‌ನಲ್ಲಾದರೆ ಉತ್ತರದಲ್ಲಿ ಸಪ್ತರ್ಷಿಗಳು ಎತ್ತರದಲ್ಲಿರುತ್ತಾರೆ. ಧ್ರುವನಕ್ಷತ್ರ ನಮ್ಮಲ್ಲಿ ತುಂಬ ತಗ್ಗಿನಲ್ಲಿದೆ: ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18. ಕೈ ಚಾಚಿ ಹಿಡಿದ ಮುಷ್ಟಿ ಹತ್ತು ಡಿಗ್ರಿಯಷ್ಟಾಗುವುದರಿಂದ ಒಂದೂವರೆ ಮುಷ್ಟಿಯಷ್ಟು ಎತ್ತರ, ಅಂದರೆ ಬಹುತೇಕ ಎದುರುಮನೆಯ ವಾಟರ್ ಟ್ಯಾಂಕಿನ ಹಿಂದೆ. ಡಿಸೆಂಬರ್ 13, 14ರ ಆಸುಪಾಸಿಗೆ ಮಿಥುನ ರಾಶಿಯ ಉಲ್ಕೆಗಳು ಹೆಚ್ಚಾಗಿ ಬೀಳುತ್ತವೆ. ತಡರಾತ್ರಿ ಎಚ್ಚರವಿರಬಲ್ಲ ದೊಡ್ಡ ಮಕ್ಕಳಿಗೆ ಅದು ಒಳ್ಳೆಯ ನೆಪ.

ಮನೆಯ ಹಿರಿಯರು ಒಪ್ಪುವುದಿಲ್ಲ. ಏನು ಹೇಳಬೇಕು?

"ಎಳೆಮಕ್ಕಳನ್ನು ರಾತ್ರಿ ಹೊರಗೆ ಮಲಗಿಸುವುದೇ? ಗಾಳಿ ಸೋಕುತ್ತದೆ" ಎಂದು ಅಜ್ಜಿ ಹೇಳಿದರೆ ವಾದಕ್ಕಿಳಿಯಬೇಡಿ. ಅವರು ಹಾವು ಚೇಳುಗಳ ನಡುವೆ ಬೆಳೆದವರು. ಅವರ ಮಾತಿನೊಳಗಿನ ಆತಂಕ ಹುಸಿಯಲ್ಲ. ಟೆಂಟಿನ ತಳ, ಜಿಪ್, ಬಲೆಗಳನ್ನು ಹಗಲಲ್ಲಿ ತೋರಿಸಿ, ಕಥೆ ಹೇಳಲು ಅವರನ್ನೇ ಕುರ್ಚಿ ಹಾಕಿ ಕೂರಿಸಿ. ಅಮಾವಾಸ್ಯೆಯ ದಿನ ಬೇಡ ಎಂದರೆ ಬಿಡಿ, ನಷ್ಟವೇನೂ ಇಲ್ಲ: ಶುಕ್ಲ ಪಂಚಮಿಯ ಆಸುಪಾಸಿನಲ್ಲಿ ಸಂಜೆಗೆ ಸ್ವಲ್ಪ ಬೆಳದಿಂಗಳೂ ಇರುತ್ತದೆ, ಚಂದ್ರ ಹತ್ತು ಗಂಟೆಯ ಹೊತ್ತಿಗೆ ಮುಳುಗುವುದರಿಂದ ಆಮೇಲೆ ನಕ್ಷತ್ರಗಳೂ ಕಾಣುತ್ತವೆ. ಕತ್ತಲಿಗೆ ಹೆದರುವ ಮಗುವಿಗಾದರೆ ಹುಣ್ಣಿಮೆಯೇ ಸರಿ.

ಅಪಾರ್ಟ್‌ಮೆಂಟಿನಲ್ಲಿ ಅನುಮತಿ ಬೇಕೇ?

ತಾರಸಿಯೂ ಹುಲ್ಲುಹಾಸೂ ಎಲ್ಲರಿಗೂ ಸೇರಿದ್ದಾದ್ದರಿಂದ ಅಸೋಸಿಯೇಷನ್ನಿಗೆ ಬರೆದು ತಿಳಿಸಿ, ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೂ ಹೇಳಿಡಿ. ತಾರಸಿಯ ಬಾಗಿಲಿಗೆ ಹೊರಗಿನಿಂದ ಬೀಗ ಬೀಳದಂತೆ ನೋಡಿಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬ ನಿಯಮ ಬ್ಲೂಟೂತ್ ಸ್ಪೀಕರ್ ಹಿಡಿದವರಿಗೂ ಅನ್ವಯಿಸುತ್ತದೆ ಎಂದು ಭಾವಿಸಿಕೊಂಡರೆ ನೆರೆಹೊರೆ ಚೆನ್ನಾಗಿರುತ್ತದೆ.

ಇದ್ದಕ್ಕಿದ್ದಂತೆ ಮಳೆ, ಗುಡುಗು ಬಂದರೆ?

ತುಂತುರು ಮಳೆಯನ್ನು ಟೆಂಟಿನೊಳಗಿಂದ ಕೇಳುವುದು ಮಕ್ಕಳಿಗೆ ಇಷ್ಟ, ಇರಲಿ. ಗುಡುಗು ಕೇಳಿದರೆ ಮಾತ್ರ ಕೂಡಲೇ ಎಲ್ಲರೂ ಒಳಗೆ ಹೋಗಬೇಕು. ಟೆಂಟಿನ ಬಟ್ಟೆಗಾಗಲೀ ಕೋಲಿಗಾಗಲೀ ಸಿಡಿಲನ್ನು ತಡೆಯುವ ಶಕ್ತಿಯಿಲ್ಲ, ತಾರಸಿಯಂತೂ ಇನ್ನೂ ಅಪಾಯ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾದು ಹೊರಗೆ ಬನ್ನಿ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ "ದಾಮಿನಿ" ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಟೆಂಟ್ ಹಾಕುವವರ ಫೋನಿನಲ್ಲಿ ಅದು ಇರಲಿ.

ಬೆಳಿಗ್ಗೆ ಟೆಂಟನ್ನು ಹೇಗೆ ಮಡಿಸಿಡಬೇಕು?

ಎದ್ದ ಕೂಡಲೇ ಮಡಿಸಬೇಡಿ. ಇಬ್ಬನಿಗೆ ಒದ್ದೆಯಾದ ಬಟ್ಟೆಯನ್ನು ಹಾಗೇ ಸುತ್ತಿಟ್ಟರೆ ಕೆಲವೇ ದಿನಗಳಲ್ಲಿ ಬೂಸಲು ಹಿಡಿದು, ಮುಂದಿನ ಸಲ ಮಕ್ಕಳು ಒಳಗೆ ಹೋಗಲೊಲ್ಲದಂಥ ವಾಸನೆ ಬರುತ್ತದೆ. ಒಳಗಿನ ಸಾಮಾನು ತೆಗೆದು, ಟೆಂಟನ್ನು ಮಗುಚಿ ಕಸ ಕೊಡವಿ, ತಳದ ಭಾಗವನ್ನು ಬಿಸಿಲಿಗೆ ತೋರಿಸಿ ಒಣಗಿಸಿ. ದಿನವಿಡೀ ಉರಿಬಿಸಿಲಲ್ಲಿ ಬಿಟ್ಟರೆ ಬಟ್ಟೆ ಬೇಗ ಹಾಳಾಗುವುದರಿಂದ ಒಣಗಿದೊಡನೆ ತೆಗೆಯಿರಿ. ತೆಗೆಯುವ ಮುಂಚೆ ತಳದ ಅಡಿಯನ್ನು ಕೈಯಿಂದ ಮುಟ್ಟದೆ ಕೋಲಿನಿಂದ ಎತ್ತಿ ನೋಡಿ, ಬೆಚ್ಚಗಿದ್ದ ಜಾಗಕ್ಕೆ ಚೇಳೋ ಜರಿಯೋ ಸೇರಿಕೊಂಡಿರಬಹುದು. ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕುವ ಕೆಲಸವನ್ನು ಮಕ್ಕಳಿಗೇ ಕೊಡಿ, ಆಮೇಲೆ ನೀವೂ ಒಮ್ಮೆ ಎಣಿಸಿ. ಹುಲ್ಲಿನಲ್ಲಿ ಉಳಿದ ಒಂದು ಗೂಟ ಮರುದಿನ ಯಾರದಾದರೂ ಕಾಲಿಗೆ ಚುಚ್ಚುತ್ತದೆ.